ಕರೆಂಟು ಬಿಲ್ಲಿನಲ್ಲಿ ಅಣ್ಣ

ಕಳೆದ ಶನಿವಾರ ಸಾಗರದಿಂದ ಹೊಸನಗರಕ್ಕೆ ಹೊರಟ ಬಸ್ಸಿನಲ್ಲಿ ಯಾರೋ ಎರಡು ಗೋಣಿಚೀಲ ಮಿಡಿಮಾವಿನಕಾಯಿ ಹಾಕಿದ್ದರು. ಬಸ್ಸು ಇನ್ನೂ ಸ್ಟ್ಯಾಂಡ್ ಬಿಟ್ಟಿರಲಿಲ್ಲ, ಆಗಲೇ ವಾಸನೆ ಎದ್ದಿತ್ತು. ಅಪ್ಪೆಮಿಡಿಯ ಸೊನೆಯ ವಾಸನೆಯನ್ನು ಕೆಲವರು ಜೀರಿಗೆಗೆ ಹೋಲಿಸುತ್ತಾರೆ, ಕೆಲವರು ಕರ್ಪೂರಕ್ಕೆ. ನನಗೆ ಎರಡೂ ಅಲ್ಲ. ನನಗೆ ಅದು ಅಣ್ಣನ ಅಂಗಿಯ ವಾಸನೆ. ಮಿಡಿಯನ್ನು ಗೋಣಿಯಲ್ಲಿ ತುರುಕಿದ್ದು ನೋಡಿದ್ದರೆ ಅವನು ಆ ಚೀಲದ ಯಜಮಾನನನ್ನು ಹುಡುಕಿ ಬೈದೇ ಇಳಿಯುತ್ತಿದ್ದ. ಮಿಡಿಗೆ ಬುಟ್ಟಿಯೇ ಆಗಬೇಕು, ಬುಟ್ಟಿಯ ತಳಕ್ಕೆ ಸೊಪ್ಪು ಹಾಸಬೇಕು, ತೊಟ್ಟು ಮುರಿಯಬಾರದು, ನೆಲಕ್ಕೆ ಬಿದ್ದದ್ದನ್ನು ಮುಟ್ಟಬಾರದು. ಅವನ ಶಾಸ್ತ್ರ ಒಂದೆರಡಲ್ಲ.

ನಾನು ತವರಿಗೆ ಹೊರಟಿದ್ದೆ. ಕೈಚೀಲದಲ್ಲಿ ನಮ್ಮ ಕಂಪನಿಯ ಕಾಗದಗಳಿದ್ದವು. ಕಂಪನಿ ಎಂದರೆ ಗಾಬರಿ ಬೀಳಬೇಡಿ. ಹೊಸನಗರದಾಚೆ ನಗರ ಎಂಬ ಊರಿದೆ, ಅಲ್ಲಿಂದ ಸ್ವಲ್ಪ ಮುಂದೆ, ರಸ್ತೆ ಪಕ್ಕದ ನಮ್ಮ ಮನೆಗೆ ತಾಗಿಕೊಂಡಿರುವ ಶೆಡ್ಡಿನಲ್ಲಿ ಅತ್ತಿಗೆ ಮತ್ತು ಇನ್ನು ಮೂವರು ಹೆಂಗಸರು ಕೂತು ಉಪ್ಪಿನಕಾಯಿ ಹಾಕುತ್ತಾರೆ, ಅಷ್ಟೇ. ಹೆಸರು ಮಾತ್ರ ಭಾರಿ: ಹೊಳೆಯಾಚೆ ಫುಡ್ಸ್ ಪ್ರೈವೇಟ್ ಲಿಮಿಟೆಡ್. ಅದು ಹುಟ್ಟಿದ ವರ್ಷದ ಮಿಡಿಕಾಲವನ್ನು ನೆನೆಯಬಾರದು ಎಂದುಕೊಂಡರೂ ಆ ಗೋಣಿಚೀಲಗಳು ಬಿಡಲಿಲ್ಲ. ಹೊಸನಗರ ಬರುವವರೆಗೂ ಕಿಟಕಿಗೆ ಮುಖ ಹಚ್ಚಿ ಕೂತಿದ್ದೆ.

ಅಣ್ಣ ಉಮೇಶ ಹೋದದ್ದು ಅದರ ಹಿಂದಿನ ವರ್ಷ. ಮಂಗನ ಕಾಯಿಲೆ. ಚಳಿ ಮುಗಿದು ಬಿಸಿಲು ಏರುವಾಗ ನಮ್ಮ ಕಡೆ ಕಾಡಿನಲ್ಲಿ ಮಂಗಗಳು ಸಾಯತೊಡಗಿದರೆ ಜನ ಸೊಪ್ಪಿಗೂ ಸೌದೆಗೂ ಹೋಗಲು ಹೆದರುತ್ತಾರೆ. ಆ ಮಂಗಗಳ ಮೈಮೇಲಿನ ಉಣುಗು ಕಚ್ಚಿದರೆ ಮನುಷ್ಯರಿಗೂ ಜ್ವರ. ಮಿಡಿ ಕೊಯ್ಯುವ ಕಾಲವೂ ಅದೇ. ಆಸ್ಪತ್ರೆಯವರು ಮನೆಮನೆಗೆ ಉಣುಗಿನ ಎಣ್ಣೆ ಹಂಚಿದ್ದರು. ಕಾಡಿಗೆ ಹೋಗುವಾಗ ಕೈಕಾಲಿಗೆ ಹಚ್ಚಿಕೊಂಡು ಹೋಗಿ ಎಂದು ಹೇಳಿದ್ದರು. ಅಣ್ಣ ಹಚ್ಚಲಿಲ್ಲ. ಎಣ್ಣೆ ಕೈಯಲ್ಲಿ ಮುಟ್ಟಿದರೆ ಮಿಡಿಗೆ ವಾಸನೆ ಹತ್ತುತ್ತದೆ, ವರ್ಷವಿಡೀ ಭರಣಿಯಲ್ಲಿ ಅದೇ ವಾಸನೆ ಬರುತ್ತದೆ ಎಂದು ಅವನ ವಾದ. ಮಿಡಿಯ ಮರ್ಯಾದೆ ಉಳಿಸಲು ಹೋಗಿ ಜೀವ ಕಳೆದುಕೊಂಡ. ಹೀಗೆ ಬರೆದರೆ ಕಥೆಯ ಹಾಗೆ ಕೇಳುತ್ತದೆ. ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟು ಬರುತ್ತದೆ. ಎದುರಿಗಿದ್ದರೆ ಕೆನ್ನೆಗೆ ಎರಡು ಬಿಗಿಯುತ್ತಿದ್ದೆ.

ಮನೆಯಲ್ಲಿ ಉಳಿದದ್ದು ಅಪ್ಪ ಮತ್ತು ಅತ್ತಿಗೆ ನಾಗವೇಣಿ. ಅಮ್ಮ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದಳು. ಅಣ್ಣ ಅತ್ತಿಗೆಗೆ ಮಕ್ಕಳಾಗಿರಲಿಲ್ಲ. ನಾನು ಮದುವೆಯಾಗಿ ಸಾಗರಕ್ಕೆ ಬಂದವಳು, ಅಲ್ಲಿ ಒಬ್ಬ ಆಡಿಟರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ.

ಮರುವರ್ಷ ಶಿವರಾತ್ರಿಗೆ ಮನೆಗೆ ಹೋಗಿದ್ದೆ. ಅಪ್ಪ ಅಂಗಳದಲ್ಲಿ ಬಿದಿರು ಸೀಳುತ್ತ ಕೂತಿದ್ದ. ಗೇಟಿನ ಹತ್ತಿರ ಬೈಕು ನಿಂತ ಸದ್ದು ಕೇಳಿತು. ಕುತ್ತಿಗೆಗೆ ಬಿಲ್ಲಿನ ಮಿಷನ್ನು ನೇತುಹಾಕಿಕೊಂಡ ಒಬ್ಬ ಬಂದು ಜಗಲಿ ಮೇಲಿನ ಮೀಟರ್ ನೋಡಿದ, ಗುಂಡಿ ಒತ್ತಿದ, ಗೇಟಿಗೆ ವಾಪಸ್ಸು ನಡೆಯುತ್ತ ಚೀಟಿ ಹರಿದು ಗಟ್ಟಿಯಾಗಿ ಓದಿದ.

"ಉಮೇಶಣ್ಣಾ, ಬಿಲ್ಲು!"

"ಬಂದೆ" ಎಂದು ಅಪ್ಪ ಎದ್ದು ಹೋದ.

ಅಪ್ಪ ಏನೂ ಆಗದವನಂತೆ ಬಿಲ್ಲನ್ನು ಮಡಿಸಿ ಕಿಸೆಗೆ ಹಾಕಿಕೊಂಡು ಬಂದು ಮತ್ತೆ ಕತ್ತಿ ಹಿಡಿದ. ಮನೆ ಜಾಗ ಅಪ್ಪನದೇ, ಆದರೆ ಕರೆಂಟು ಎಳೆಸಿದವನು ಅಣ್ಣ. ಓಡಾಡಿ ಕಂಬ ಹಾಕಿಸಿ ಮೀಟರನ್ನು ತನ್ನ ಹೆಸರಿಗೇ ಮಾಡಿಸಿದ್ದ. ಅವನು ಹೋದಮೇಲೆ ಯಾರೂ ಬದಲಾಯಿಸಿರಲಿಲ್ಲ. ಬಿಲ್ಲಿನವನು ಈ ಕಡೆಗೆ ಹೊಸಬ, ಅವನಿಗೇನು ಗೊತ್ತು?

"ಅವನಿಗೆ ಹೇಳಬಾರದಾ ಅಪ್ಪ? ಹಿಂಗೆ ಕರೀತಾನಲ್ಲ!" ಎಂದು ರೇಗಿದೆ.

"ಎಂತ ಹೇಳದು?" ಎಂದ ಅಪ್ಪ ಬಿದಿರಿನಿಂದ ಕಣ್ಣೆತ್ತದೆ. "ಊರಲ್ಲಿ ಯಾರೂ ಈಗ ಅವನ ಹೆಸರು ಹಿಡಿಯಲ್ಲ ಸುಮಾ. ನನ್ನ ಎದುರಿಗಂತೂ ಇಲ್ಲ. ಹೋದವ್ನು ಅಂತಾರೆ, ನಿಮ್ಮ ಹುಡ್ಗ ಅಂತಾರೆ. ಇವ ಒಬ್ಬ ತಿಂಗ್ಳಿಗೊಂದ್ಸಲ ಬಂದು ಬಾಯ್ತುಂಬ ಕರೀತಾನೆ. ಕರೀಲಿ ಬಿಡು."

ಒಳಗೆ ಅತ್ತಿಗೆ ಮಿಡಿಗೆ ಉಪ್ಪು ಬೆರೆಸುತ್ತಿದ್ದರು. ಎಲ್ಲ ಕೇಳಿಸಿತ್ತು ಅವರಿಗೆ. ಉಪ್ಪಿನಲ್ಲಿದ್ದ ಕೈ ಹಾಗೇ ನಿಂತಿತ್ತು. ನಾನು ಒಳಗೆ ಬಂದದ್ದು ಕಂಡು ಮತ್ತೆ ಆಡಿಸತೊಡಗಿದರು.

ಆ ಸಂಜೆ ಬಟ್ಟಲು ತೊಳೆಯುವಾಗ ಅತ್ತಿಗೆ ಕೇಳಿದರು. "ಸುಮಾ, ನಿಮ್ಮ ಆಫೀಸಲ್ಲಿ ಕಂಪನಿ ಮಾಡ್ಕೊಡ್ತಾರಂತಲ್ಲ, ಹೌದಾ?"

ನನಗೆ ನಗು ಬಂತು. "ಉಪ್ಪಿನಕಾಯಿಗೆ ಕಂಪನಿ ಎಂತಕ್ಕೆ ಅತ್ತಿಗೆ? ನಿಮ್ಮ ಹೆಸರಲ್ಲೇ ಒಂದು ಲೈಸೆನ್ಸ್ ತಗೊಂಡ್ರೆ ಸಾಕು. ಇಲಿ ಹಿಡಿಯಾಕೆ ಗುಡ್ಡ ಅಗೀಬೇಕಾ?"

ಅವರು ನಗಲಿಲ್ಲ. ತೀರ್ಥಹಳ್ಳಿಯಿಂದ ಅವರಣ್ಣ ವಾರವಾರ ಫೋನ್ ಮಾಡುತ್ತಿದ್ದದ್ದು ನನಗೂ ಗೊತ್ತಿತ್ತು. ವಯಸ್ಸಿದೆ, ಒಂದು ಸಂಬಂಧ ನೋಡಿದ್ದೇವೆ, ಬಾ ಎಂದು. ಅದರಲ್ಲಿ ತಪ್ಪೂ ಇರಲಿಲ್ಲ. ಅತ್ತಿಗೆಗೆ ಹೋಗಲು ಮನಸ್ಸಿರಲಿಲ್ಲ, ಅಷ್ಟೇ. ಉಳಿಯುತ್ತೇನೆ ಎನ್ನಲು ಅವರ ಬಳಿ ಒಂದು ಕಾರಣವೂ ಇರಲಿಲ್ಲ.

"ಇಲ್ಲಿ ನಾನು ಯಾರು ಹೇಳು ನೋಡಾಣ" ಎಂದರು. "ಉಮೇಶನ ಹೆಂಡ್ತಿ. ಅವರೇ ಇಲ್ಲ. ನಾಳೆ ಅಣ್ಣ ಬಂದು ಎದುರಿಗೆ ಕೂತು ಎಂತಕ್ಕೆ ಇರ್ತೀಯೆ ಅಂದ್ರೆ ಎಂತ ಹೇಳಲಿ? ಮಿಡಿ ಉಪ್ಪಲ್ಲಿದೆ ಅಣ್ಣ, ಬರಾಕೆ ಆಗಲ್ಲ ಅನ್ನಲಾ?"

ಮರುದಿನ ಅವರನ್ನು ಸಾಗರಕ್ಕೆ ಕರೆದುಕೊಂಡು ಹೋದೆ. ನಮ್ಮ ಆಡಿಟರ್ ಸಾರ್ ಒಳ್ಳೆಯವರು, ಆದರೆ ವಿವರಿಸಲು ಶುರುಮಾಡಿದರೆ ಚಹಾ ಆರುವವರೆಗೂ ನಿಲ್ಲಿಸುವವರಲ್ಲ. ಇಬ್ಬರಾದರೂ ಸೇರಬೇಕು, ಇಬ್ಬರೂ ನಿರ್ದೇಶಕರಾಗಬೇಕು, ಇಬ್ಬರಿಗೂ ಕಂಪ್ಯೂಟರಿನಲ್ಲಿ ಹಾಕುವ ಡಿಜಿಟಲ್ ಸಹಿ ಬೇಕು. ಹೆಸರು ಕಳಿಸಿ ಒಪ್ಪಿಗೆ ಪಡೆಯಬೇಕು, ಕಂಪನಿಯ ಉದ್ದೇಶ ಬರೆಯಬೇಕು, ಕಚೇರಿ ಎಲ್ಲಿ ಎಂದು ತೋರಿಸಲು ಜಾಗದ ಯಜಮಾನನ ಒಪ್ಪಿಗೆಯೂ ಅಲ್ಲಿಯ ಕರೆಂಟು ಬಿಲ್ಲೂ ಬೇಕು. ಅತ್ತಿಗೆ ಎಲ್ಲದಕ್ಕೂ ತಲೆಯಾಡಿಸಿ ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಸಾರ್, ಮಾಡ್ದೋರು ಸತ್ತೋದ್ರೆ ಕಂಪನಿ ಎಂತ ಆಗ್ತದೆ?"

"ಎಂತದೂ ಆಗೋದಿಲ್ಲಮ್ಮ" ಎಂದರು ಸಾರ್. "ನೀವು ಒಬ್ಬರೇ ನಿಮ್ಮ ಹೆಸರಲ್ಲಿ ಮಾಡಿದ್ರೆ ಅದು ನಿಮ್ಮ ಜೊತೆಗೇ ಮುಗೀತು. ಕಂಪನಿ ಹಾಗಲ್ಲ. ಕಾನೂನಿನ ಕಣ್ಣಿಗೆ ಅದೇ ಬೇರೆ ಒಬ್ಬ ಮನುಷ್ಯ ಇದ್ದ ಹಾಗೆ. ಅದಕ್ಕೆ ಹೆಸರಿದೆ, ವಿಳಾಸ ಇದೆ, ಹುಟ್ಟಿದ ತಾರೀಕಿದೆ. ಮಾಡಿದವರು ಹೋದ್ರೂ ಅದು ಇರ್ತದೆ."

"ಜ್ವರ ಗಿರ ಬರಲ್ಲ" ಎಂದರು ಅತ್ತಿಗೆ.

ಸಾರ್ ತಮಾಷೆ ಎಂದುಕೊಂಡು ನಕ್ಕರು. ನಾನು ಟೇಬಲಿನ ಮೇಲಿನ ಕಾಗದ ಸರಿಮಾಡುತ್ತ ಕೂತೆ. ವಾಪಸ್ಸು ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅತ್ತಿಗೆ, "ನಂಗೆ ಅದೇ ಬೇಕು ಸುಮಾ, ಕಂಪನಿನೇ" ಎಂದರು. ಆಮೇಲೆ ನಾನು ವಾದ ಮಾಡಲಿಲ್ಲ.

ಎರಡನೆಯ ನಿರ್ದೇಶಕಿ ನಾನೇ ಆಗಬಹುದಿತ್ತು. ಅತ್ತಿಗೆ ಒಪ್ಪಲಿಲ್ಲ, ಮಾವನೇ ಆಗಬೇಕು ಎಂದರು. ಅಪ್ಪ ಮೊದಲು ಗೊಣಗಿದ. "ಕಾಡು ಬಾ ಅಂತೈತೆ, ಊರು ಹೋಗು ಅಂತೈತೆ. ಈಗ ನಂಗೆಂತಕ್ಕೆ ಡೈರೆಕ್ಟ್ರು ಪಟ್ಟ?" ಆದರೆ ಮಾರನೇ ದಿನವೇ ಹೊಸನಗರಕ್ಕೆ ಹೋಗಿ ಫೋಟೋ ಹೊಡೆಸಿಕೊಂಡು ಬಂದಿದ್ದ. ಕೂದಲಿಗೆ ಎಣ್ಣೆ ಹಚ್ಚಿ, ಅಣ್ಣನ ಬಿಳಿ ಅಂಗಿ ಹಾಕಿಕೊಂಡು.

ಹೆಸರಿನ ಮಾತು ಬಂದಾಗ ಅಪ್ಪ ಅತ್ತಿಗೆ ಇಬ್ಬರೂ ಬೇರೆ ಯೋಚಿಸಲೇ ಇಲ್ಲ. ಅಣ್ಣನ ಹೆಸರನ್ನೇ ಕಳಿಸಿದೆವು. ಅದನ್ನೇ ಹೋಲುವ ಹೆಸರು ಮೊದಲೇ ನೋಂದಣಿಯಾಗಿದೆ, ಕೊಡಲು ಬರುವುದಿಲ್ಲ ಎಂದು ಉತ್ತರ ಬಂತು. ಫೋನಿನಲ್ಲಿ ಅಪ್ಪನಿಗೆ ಹೇಳಿದೆ.

"ಆ ಹೆಸ್ರಲ್ಲಿ ಬೇರೆ ಯಾರೋ ಇದಾರಂತಾ?" ಎಂದ.

"ಹೌದಪ್ಪ."

"ಇದ್ರೆ ಇರ್ಲಿ, ಒಳ್ಳೇದೇ ಆತು" ಎಂದು ಫೋನನ್ನು ಅತ್ತಿಗೆಗೆ ಕೊಟ್ಟ.

ಹೊಳೆಯಾಚೆ ಎಂಬುದು ಒಂದು ಮರದ ಹೆಸರು. ನಮ್ಮಲ್ಲಿ ಒಳ್ಳೆ ಮಿಡಿ ಬಿಡುವ ಪ್ರತಿ ಮರಕ್ಕೂ ಒಂದು ಹೆಸರಿರುತ್ತದೆ. ಇದು ಡ್ಯಾಮಿನ ಹಿನ್ನೀರಿನ ಆಚೆ ದಡದಲ್ಲಿ ಒಂಟಿಯಾಗಿ ನಿಂತ ಮರ. ಅಣ್ಣ ಕಂಡುಹಿಡಿದದ್ದು, ಅವನೇ ಹೆಸರಿಟ್ಟದ್ದು. ಕೊನೆಯ ಸಲ ಮಿಡಿ ಕೊಯ್ಯಲು ಹೋದದ್ದೂ ಅದಕ್ಕೇ. ಅತ್ತಿಗೆ ಆ ಹೆಸರು ಹೇಳಿದಾಗ ನನಗೆ ಬೇಡ ಅನ್ನಿಸಿತು. ಅವನನ್ನು ತಿಂದ ಮರದ ಹೆಸರು ಯಾಕೆ? ಅತ್ತಿಗೆ ಪಟ್ಟು ಬಿಡಲಿಲ್ಲ. ಆ ಹೆಸರಿಗೆ ಒಪ್ಪಿಗೆಯೂ ಸಿಕ್ಕಿತು.

ಕಂಪನಿಯ ಉದ್ದೇಶ ಬರೆಯಬೇಕಾದಾಗ ನಾನು ಪೆನ್ನು ಹಿಡಿದು ಕೇಳಿದೆ. "ಹೇಳಿ ಅತ್ತಿಗೆ, ಈ ಕಂಪನಿಯ ಉದ್ದೇಶ ಎಂತ?"

ಅವರು, "ನಾನು ಇಲ್ಲೇ ಇರೋದು" ಎಂದರು.

ನಾನು ಉಪ್ಪಿನಕಾಯಿ, ಚಟ್ನಿಪುಡಿ ಮತ್ತು ಇತರ ಆಹಾರ ಪದಾರ್ಥಗಳ ತಯಾರಿಕೆ ಮತ್ತು ಮಾರಾಟ ಎಂದು ಬರೆದುಕೊಂಡೆ.

ಡಿಜಿಟಲ್ ಸಹಿಗೆ ವಿಡಿಯೋ ಬೇಕಿತ್ತು. ಫೋನಿನ ಎದುರು ಕೂತು ಗುರುತಿನ ಚೀಟಿ ಹಿಡಿದು ಹೆಸರು ಹೇಳಬೇಕು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಂದರೆ ದೇವರು ಸಿಕ್ಕಿದ ಹಾಗೆ. ಮೂವರೂ ನಗರದ ಹಳೇ ಕೋಟೆಯ ಗುಡ್ಡ ಹತ್ತಿದೆವು. ರಾಜರು ಆಳಿ ಹೋದ ಜಾಗದಲ್ಲಿ ಈಗ ಸಿಗ್ನಲ್ ಮಾತ್ರ ಚೆನ್ನಾಗಿದೆ. ಅತ್ತಿಗೆಯದು ಒಂದೇ ಸಲಕ್ಕೆ ಆಯಿತು. ಅಪ್ಪನನ್ನು ಕೋಟೆಯ ಕಲ್ಲಿನ ಮೇಲೆ ಕೂರಿಸಿ, ಬಿಸಿಲು ಮುಖಕ್ಕೆ ಬೀಳದಂತೆ ಕೊಡೆ ಹಿಡಿದು, ನಾನು ಕೇಳಿದೆ.

"ನಿಮ್ಮ ಹೆಸರು ಹೇಳಿ."

"ಉಮೇಶನ ಅಪ್ಪ" ಎಂದ ಅಪ್ಪ.

ಊರಿನಲ್ಲಿ ಅವನನ್ನು ರಂಗಪ್ಪ ಎಂದು ಕರೆಯುವವರು ಯಾವತ್ತೋ ಮುಗಿದಿದ್ದರು. ಅಣ್ಣ ಹುಟ್ಟಿದಾಗಿನಿಂದ ಅವನು ಉಮೇಶನ ಅಪ್ಪ. ಅಣ್ಣ ಹೋದಮೇಲೆ ಜನ ಅದನ್ನೂ ಬಿಟ್ಟಿದ್ದರು, ಬರೀ ಹೋಯ್ ಎನ್ನುತ್ತಿದ್ದರು, ಇಲ್ಲವೇ ಅಣ್ಣಯ್ಯ. ಅಪ್ಪ ಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂದದ್ದು ಹೇಳಿದ್ದ. ವಿಡಿಯೋ ತಿರಸ್ಕೃತವಾಯಿತು. ಮತ್ತೆ ಮಾಡಬೇಕೆಂದಾಗ ಅಪ್ಪ ತನ್ನ ಹೆಸರನ್ನು ಪಾಠದ ಹಾಗೆ ಮೆಲ್ಲಗೆ ಬಾಯಲ್ಲೇ ಹೇಳಿಕೊಂಡ. ರಂಗಪ್ಪ, ರಂಗಪ್ಪ. ಅತ್ತಿಗೆ ಆಚೆ ತಿರುಗಿ ನಿಂತರು. ನಾನು ಕೊಡೆ ಸರಿಮಾಡಿ ಮತ್ತೆ ಫೋನು ಎತ್ತಿದೆ.

ಎಲ್ಲ ಮುಗಿಯಿತು ಎಂದುಕೊಳ್ಳುವಾಗ ಕೆಲಸ ಕರೆಂಟು ಬಿಲ್ಲಿಗೆ ಬಂದು ನಿಂತಿತು. ನಮ್ಮ ಅರ್ಜಿ ಪರಿಶೀಲಿಸಿ ದೃಢೀಕರಿಸಬೇಕಿದ್ದ ಶಿವಮೊಗ್ಗದ ಕಂಪನಿ ಸೆಕ್ರೆಟರಿ ಮೇಡಂ ಫೋನ್ ಮಾಡಿದರು. ಜಾಗದ ಒಪ್ಪಿಗೆ ಕೊಟ್ಟವರು ರಂಗಪ್ಪ, ಬಿಲ್ಲಿನಲ್ಲಿರುವುದು ಉಮೇಶ. ಉಮೇಶ ಅವರೂ ಒಪ್ಪಿಗೆಗೆ ಸಹಿ ಹಾಕಲಿ, ಇಲ್ಲವೇ ಬಿಲ್ಲು ರಂಗಪ್ಪನವರ ಹೆಸರಿಗೆ ಆಗಲಿ ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಊರಿಗೆ ಹೋಗಿ, ಅಪ್ಪ ಬಿದಿರಿನ ಕೆಲಸ ಮಾಡುವುದನ್ನು ನೋಡುತ್ತ, ಹೇಗೆ ಹೇಳಲಿ ಎಂದು ಅರ್ಧ ದಿನ ಕಳೆದೆ. ಹೇಳಿದೆ.

"ಬ್ಯಾಡ" ಎಂದ ಅಪ್ಪ.

"ಒಂದು ಹೆಸರು ಬದಲಾಯಿಸೋದಷ್ಟೇ ಅಪ್ಪ."

"ಬ್ಯಾಡ ಅಂದೆ. ಬೇರೆ ಎಲ್ಲಾದ್ರೂ ಆಫೀಸು ಮಾಡ್ಕಳಿ. ಸಾಗರದಲ್ಲಿ ಮಾಡ್ರಿ. ನಿನ್ನ ಮನೇಲೇ ಮಾಡು."

"ಅತ್ತಿಗೆ ಇರಬೇಕಾದ್ದು ಈ ಮನೇಲಿ. ಆಫೀಸು ಸಾಗರದಲ್ಲಿ ಮಾಡಿ ಎಂತ ಮಾಡೋದು?"

"ಹಂಗಾರೆ ಕಂಪನಿನೇ ಬ್ಯಾಡ" ಎಂದು ಎದ್ದು ಹೋದ.

ನನಗೂ ಕೋಪ ಬಂದಿತ್ತು. ಸತ್ತವನ ಹೆಸರನ್ನು ಇಟ್ಟುಕೊಂಡು ಬದುಕಿರುವವಳನ್ನು ಕಳೆದುಕೊಳ್ಳುತ್ತೀಯಾ ಎಂದು ಅಡಿಗೆಮನೆಯಿಂದಲೇ ಕೂಗಿದೆ. ಅಪ್ಪ ತಿರುಗಿ ನೋಡಲಿಲ್ಲ. ಅತ್ತಿಗೆ ನನ್ನ ರಟ್ಟೆ ಹಿಡಿದು, "ಬಿಡು ಮಾರಾಯ್ತಿ, ಅವರ ಹತ್ರ ಉಳ್ದಿರೋದು ಅದೊಂದೇ" ಎಂದರು. ಬಿಟ್ಟರೆ ತಾನು ಎಲ್ಲಿಗೆ ಹೋಗಬೇಕು ಎಂದು ಗೊತ್ತಿದ್ದೂ ಹಾಗೆ ಹೇಳಿದರು.

ಯುಗಾದಿ ಕಳೆದು ಕೆಲವು ದಿನಕ್ಕೆ, ನಾನು ಊರಿಗೆ ಬಂದಿದ್ದಾಗಲೇ, ಅತ್ತಿಗೆಯ ಅಣ್ಣ ಜೀಪು ಮಾಡಿಕೊಂಡು ಬಂದರು. ಕೆಟ್ಟ ಮನುಷ್ಯರಲ್ಲ. ಅಪ್ಪನಿಗೆಂದು ಬಾಳೆಗೊನೆ ತಂದಿದ್ದರು, ಜಗಲಿಯಲ್ಲಿ ಕೂತು ಬಹಳ ಮರ್ಯಾದೆಯಿಂದಲೇ ಮಾತಾಡಿದರು. "ನಿಮ್ಮ ಮೇಲೆ ನಮಗೆ ಬೇಜಾರಿಲ್ಲ ಮಾವ. ಆದ್ರೆ ಇವಳು ಇಲ್ಲಿ ಯಾವ ಲೆಕ್ಕದಲ್ಲಿ ಇರೋದು, ನೀವೇ ಹೇಳಿ. ಕಂಪನಿ ಮಾಡ್ತೀನಿ, ಕೆಲಸ ಇದೆ ಅಂತಿದ್ಲು. ಅದೂ ಆಗಲಿಲ್ಲಂತಲ್ಲ?"

ಒಳಗೆ ಅತ್ತಿಗೆ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಆಮೇಲೆ ಕೋಣೆಗೆ ಹೋಗಿ ಸೀರೆಗಳನ್ನು ಚೀಲಕ್ಕೆ ಹಾಕತೊಡಗಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಪ್ಪ ಎದ್ದು ಬಂದು ನನ್ನ ಹಿಂದೆ ನಿಂತದ್ದು ತಿಳಿಯಲೇ ಇಲ್ಲ.

"ವೇಣಿ, ಸೀರೆ ಅಲ್ಲೇ ಇಡು" ಎಂದ. ಆಮೇಲೆ ನನಗೆ, "ಎಂತೆಂತ ಕಾಗ್ದ ಬೇಕು ಹೇಳು. ಕರೆಂಟ್ ಆಫೀಸಿಗೆ ಹೋಗಿ ಬರಾಣ."

ಅತ್ತಿಗೆಯ ಅಣ್ಣನೇ ನಮ್ಮನ್ನು ಜೀಪಿನಲ್ಲಿ ಕರೆದುಕೊಂಡು ಹೋದರು. ತಂಗಿಯನ್ನು ಕರೆದೊಯ್ಯಲು ಬಂದ ಜೀಪು ಅಪ್ಪನನ್ನು ಕರೆದೊಯ್ದಿತು. ಅಣ್ಣನ ಮರಣದ ಪ್ರಮಾಣಪತ್ರ ನನ್ನ ಚೀಲದಲ್ಲಿತ್ತು. ಅವನನ್ನು ಸೇರಿಸಿದ್ದ ಆಸ್ಪತ್ರೆಯ ಊರಿನಿಂದ ತಂದಾಗಿನಿಂದ ಅಪ್ಪ ಅದನ್ನು ಕಣ್ಣೆತ್ತಿ ನೋಡಿರಲಿಲ್ಲ.

ಆಫೀಸಿನಲ್ಲಿ ಕೂತಿದ್ದವರು ಕನ್ನಡಕದ ಮೇಲಿನಿಂದ ನೋಡಿ, ಏನು ಬೇಕಿತ್ತು ಯಜಮಾನ್ರೇ ಎಂದರು.

"ಮೀಟ್ರು ಹೆಸ್ರು ಬದ್ಲಿ ಮಾಡ್ಬೇಕಿತ್ತು. ನನ್ನ ಮಗನ ಹೆಸ್ರಲ್ಲೈತೆ, ನನ್ನ ಹೆಸ್ರಿಗೆ."

"ಮಗ ಎಲ್ಲಿ?"

"ಊರಲ್ಲಿಲ್ಲ."

"ಬಂದಮೇಲೆ ಕರ್ಕೊಂಡು ಬನ್ನಿ. ಅವರ ಸಹಿ ಬೇಕು."

ನಾನು ಚೀಲದಿಂದ ಪತ್ರ ತೆಗೆಯಲು ಕೈ ಹಾಕಿದೆ. ಅಪ್ಪ ನನ್ನ ಕೈ ಹಿಡಿದು ತಡೆದ.

"ಇಲ್ಲ ಸ್ವಾಮಿ. ಅವ ಬರಲ್ಲ" ಎಂದ. "ತೀರ್ಕಂಡಿದಾನೆ."

ವರ್ಷಕ್ಕೆ ಮೇಲಾಗಿತ್ತು. ಅಪ್ಪನ ಬಾಯಿಂದ ಆ ಮಾತು ಅವತ್ತೇ ಮೊದಲು ಬಂದದ್ದು. ಸುಡುಗಾಡಿನಲ್ಲೂ ಅವನು ಅಳಲಿಲ್ಲ ಎಂದು ಊರವರು ಹೇಳಿದ್ದರು. ಆ ಆಫೀಸಿನ ಬೆಂಚಿನ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕನ್ನಡಕದವರು ಎದ್ದು ನೀರು ತಂದುಕೊಟ್ಟರು. ಅತ್ತಿಗೆಯ ಅಣ್ಣ ಹೊರಗೆ ಹೋಗಿ ಜೀಪಿನ ಹತ್ತಿರ ನಿಂತರು. ನಾನು ಅಪ್ಪನ ಪಕ್ಕ ಕೂತೆ. ಅವನು ಹಾಕಿಕೊಂಡಿದ್ದ ಅಣ್ಣನ ಅಂಗಿಯ ಹೊಲಿಗೆ ಭುಜದಲ್ಲಿ ಬಿಟ್ಟಿತ್ತು. ಮನೆಗೆ ಹೋಗಿ ಹಾಕಿಕೊಡಬೇಕು ಎಂದು ಅದನ್ನೇ ಯೋಚಿಸುತ್ತಿದ್ದೆ.

ಜೀಪು ಮನೆಗೆ ಬಂದಾಗ ಅತ್ತಿಗೆ ಊಟಕ್ಕೆ ಎಲೆ ಹಾಕಿದ್ದರು. ಅವರಣ್ಣ ಊಟ ಮಾಡಿ ಒಬ್ಬರೇ ಹೊರಟರು. ಹೊರಡುವಾಗ, "ಉಪ್ಪಿನಕಾಯಿ ಆದಾಗ ಒಂದು ಭರಣಿ ಕಳಿಸು" ಎಂದರು. ಮತ್ತೆ ಸಂಬಂಧದ ಮಾತು ಎತ್ತಲಿಲ್ಲ.

ಮೊದಲ ಮಳೆ ಬಿದ್ದು ಮಣ್ಣು ಇನ್ನೂ ಬಿಸಿ ಇದ್ದ ದಿನ ಕಂಪನಿಯ ಪ್ರಮಾಣಪತ್ರ ಬಂತು. ಆಫೀಸಿನ ಕಂಪ್ಯೂಟರಿಗೆ ಬಂದದ್ದನ್ನು ಅಚ್ಚು ಹಾಕಿಸಿಕೊಂಡು ಊರಿಗೆ ಹೋದೆ. ಅತ್ತಿಗೆ ಕೈ ಒರೆಸಿಕೊಂಡು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಅಪ್ಪ ಕನ್ನಡಕ ಹಾಕಿಕೊಂಡು ತನ್ನ ಹೆಸರು ಹುಡುಕಿದ. ಅದು ಅದರಲ್ಲಿ ಇರುವುದಿಲ್ಲ, ಕಂಪನಿಯ ಹೆಸರಷ್ಟೇ ಇರುತ್ತದೆ ಎಂದೆ.

"ವೇಣಿ ಹೇಳ್ತಿದ್ಲು" ಎಂದ ಅಪ್ಪ. "ಇದಕ್ಕೆ ಸಾವಿಲ್ಲಂತೆ ಹೌದಾ?"

"ತಾನಾಗಿ ಬರಲ್ಲಪ್ಪ."

"ಹ್ಞೂಂ" ಎಂದು ಕಾಗದವನ್ನು ತಿರುಗಿಸಿ ಹಿಂದೆಯೂ ಏನಾದರೂ ಬರೆದಿದೆಯೇ ಎಂದು ನೋಡಿದ. "ಕಾನೂನು ಮಾಡ್ದೋರು ಬುದ್ವಂತ್ರು. ಇದನ್ನ ಕಂಪನಿಗಷ್ಟೇ ಯಾಕೆ ಮಾಡಿದ್ರೋ."

ಅತ್ತಿಗೆ ಎದ್ದು ಒಳಗೆ ಹೋದರು.

ಹೊಸ ಹೆಸರಿನ ಮೊದಲ ಬಿಲ್ಲು ಬಂದ ದಿನ ನಾನಿರಲಿಲ್ಲ. ಅತ್ತಿಗೆ ಹೇಳಿದ್ದು. ಬಿಲ್ಲಿನವನು ಅಭ್ಯಾಸದಂತೆ ಉಮೇಶಣ್ಣಾ ಎಂದು ಕರೆದನಂತೆ. ಆಮೇಲೆ ಚೀಟಿ ನೋಡಿ ತಬ್ಬಿಬ್ಬಾದನಂತೆ. "ಇದೇನು, ಹೆಸ್ರು ಬದಲಾಗಿದೆಯಲ್ಲ? ಉಮೇಶಣ್ಣ ನೀವೇ ಅಲ್ವಾ?" ಇಷ್ಟು ದಿನ ಅವನು ಅಪ್ಪನನ್ನೇ ಉಮೇಶ ಎಂದುಕೊಂಡಿದ್ದ. ಬಂದೆ ಎಂದು ಬರುವವನು ಮತ್ತೆ ಯಾರಿರಬೇಕು?

"ಅಲ್ಲ" ಎಂದನಂತೆ ಅಪ್ಪ. "ನಾ ರಂಗಪ್ಪ."

ಅಷ್ಟೇ ಹೇಳಿ ಬಿಲ್ಲು ತಗೊಂಡು ಬಂದನಂತೆ. ಮುಂದಿನ ತಿಂಗಳಿಂದ ಬಿಲ್ಲಿನವನು ರಂಗಪ್ಪಣ್ಣಾ ಎಂದು ಕೂಗಿದರೂ ಅಪ್ಪ ಬಂದೆ ಎನ್ನುತ್ತಿರಲಿಲ್ಲ. ಸುಮ್ಮನೆ ಎದ್ದು ಹೋಗಿ ಕೈ ಚಾಚುತ್ತಿದ್ದ.

ಕಂಪನಿ ನಡೆಯಿತು. ದೊಡ್ಡದಾಗಲಿಲ್ಲ, ನಿಲ್ಲಲೂ ಇಲ್ಲ. ಗೇಟಿಗೆ ಕಂಪನಿಯ ಬೋರ್ಡು ಹಾಕುವುದು ಕಾನೂನು ಎಂದಾಗ ಅಪ್ಪನೇ ಏಣಿ ಇಟ್ಟು ಮೊಳೆ ಹೊಡೆದ. ಮಿಡಿಕಾಲದಲ್ಲಿ ಕೊಯ್ಯುವವರು ಬಂದರೆ ಅವರ ಕೈಕಾಲಿಗೆ ಉಣುಗಿನ ಎಣ್ಣೆ ಹಚ್ಚದೆ ಕಾಡಿಗೆ ಬಿಡುತ್ತಿರಲಿಲ್ಲ. ಎಣ್ಣೆ ವಾಸನೆ ಬಂದ ಮಿಡಿಯನ್ನೂ ನಮ್ಮ ಕಂಪನಿ ತಗೊಳ್ತದೆ ಎನ್ನುತ್ತಿದ್ದ. ಅತ್ತಿಗೆ ಅದನ್ನು ಬೇರೆ ಭರಣಿಗೆ ಹಾಕಿ ಮನೆಗೆ ಇಟ್ಟುಕೊಳ್ಳುತ್ತಿದ್ದರು. ಅಪ್ಪ ಅದರಲ್ಲೇ ಊಟ ಮಾಡುತ್ತಿದ್ದ.

ಹೋದ ದೀಪಾವಳಿ ಕಳೆದಮೇಲೆ ಅಪ್ಪನೂ ತೀರಿಕೊಂಡ. ಕಾಯಿಲೆ ಇರಲಿಲ್ಲ, ಮಲಗಿದವನು ಏಳಲಿಲ್ಲ. ನಿರ್ದೇಶಕ ಯಾವ ಕಾರಣಕ್ಕೆ ಬಿಡುತ್ತಿದ್ದಾರೆ ಎಂದು ಕಂಪ್ಯೂಟರಿನಲ್ಲಿ ಒಂದು ಆಯ್ಕೆ ಒತ್ತಬೇಕು. ರಾಜೀನಾಮೆ, ಅನರ್ಹತೆ, ಮರಣ. ಊರವರಿಗೆಲ್ಲ ಅದನ್ನು ಒತ್ತಿಕೊಟ್ಟವಳು ನಾನು. ಅಪ್ಪನದನ್ನು ಒತ್ತಲಾಗದೆ ಪಕ್ಕದ ಟೇಬಲಿನ ಹುಡುಗಿಗೆ ಕೊಟ್ಟೆ. ಕಂಪನಿಗೆ ಇಬ್ಬರು ನಿರ್ದೇಶಕರು ಇರಲೇಬೇಕು. ಅಪ್ಪನ ಜಾಗಕ್ಕೆ ಈಗ ನಾನು. ಶನಿವಾರ ನಾನು ಕಾಗದ ಹೊತ್ತುಕೊಂಡು ಹೋದದ್ದು ಅದಕ್ಕೇ.

ಶೆಡ್ಡಿನಲ್ಲಿ ಅತ್ತಿಗೆ ಒಬ್ಬರೇ ಇದ್ದರು. ಮಿಡಿಗೆ ಉಪ್ಪು ಬೆರೆಸುತ್ತಿದ್ದರು. ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ಈ ವರ್ಷ ಹೊಳೆಯಾಚೆ ಮರ ಚೆನ್ನಾಗಿ ಬಿಟ್ಟಿದೆ ಎಂದರು. ಸಹಿ ಹಾಕಬೇಕಾದಲ್ಲೆಲ್ಲ ಗುರುತು ಮಾಡಿ ಕಾಗದ ಎದುರಿಗಿಟ್ಟೆ.

"ಬಿಲ್ಲು ಇನ್ನೂ ಮಾವನ ಹೆಸ್ರಲ್ಲೇ ಬರ್ತಿದೆ" ಎಂದರು ಅತ್ತಿಗೆ. "ಬದಲಾಯಿಸ್ಬೇಕಲ್ಲ?"

ಹೌದು, ಬದಲಾಯಿಸಬೇಕು. ಏನೇನು ಬೇಕೆಂದು ನನಗಿಂತ ಚೆನ್ನಾಗಿ ಗೊತ್ತಿರುವವರು ಈ ತಾಲೂಕಿನಲ್ಲಿ ಕಡಿಮೆ. ಅಪ್ಪನ ಮರಣದ ಪ್ರಮಾಣಪತ್ರ ಆಗಲೂ ನನ್ನ ಕೈಚೀಲದಲ್ಲೇ ಇತ್ತು. "ಮಾಡಿದ್ರಾತು, ಅವಸರ ಎಂತ" ಎಂದೆ. ಅತ್ತಿಗೆ ಸರಿ ಎಂದು ತಲೆಯಾಡಿಸಿದರು.

ಅಷ್ಟರಲ್ಲಿ ಗೇಟಿನ ಹತ್ತಿರ ಬೈಕು ನಿಂತಿತು. ಯಾರೋ ಹೊಸಬ, ಮುಖ ಗುರುತಿನದಲ್ಲ. ಮೀಟರಿನ ಹತ್ತಿರ ಮಿಷನ್ನು ಕರ್ರೆಂದು ಚೀಟಿ ಕಕ್ಕಿತು.

"ರಂಗಪ್ಪಣ್ಣಾ, ಬಿಲ್ಲು!"

ಅತ್ತಿಗೆಯ ಕೈ ಉಪ್ಪಿನಲ್ಲಿ ನಿಂತಿತು. ನನ್ನ ಮುಖ ನೋಡಿದರು. ನಾನು ಎದ್ದು ಸೆರಗು ಸರಿಮಾಡಿಕೊಂಡೆ.

"ಬಂದೆ" ಎಂದೆ.